ರೆಡ್‌ಫರ್ನ್: ಉಗಿಬಂಡಿಗಳ ತವರುಕೇರಿ

ಆಸ್ಟ್ರೇಲಿಯದ ಸಿಡ್ನಿ ನಗರದ ಸೆಂಟ್ರಲ್ ನಿಲ್ದಾಣದಿಂದ ದಕ್ಷಿಣಕ್ಕೋ ಪಶ್ಚಿಮಕ್ಕೋ ಹೊರಟ ರೈಲು ಕೆಲವೇ ನಿಮಿಷಗಳಲ್ಲಿ ರೆಡ್‌ಫರ್ನ್ ಬಡಾವಣೆಯನ್ನು ಹಾಯುತ್ತದೆ. ನಿಲ್ದಾಣ ದಾಟುತ್ತಿದ್ದಂತೆ ಹಳಿಗಳ ಎರಡೂ ಪಕ್ಕದಲ್ಲಿ ಕಮಾನು ಕಿಟಕಿಗಳಿರುವ ಉದ್ದನೆಯ ಇಟ್ಟಿಗೆ ಕಟ್ಟಡಗಳು ಕಾಣುತ್ತವೆ. ಇದು ಈವ್ಲಿ ರೈಲ್ವೆ ಕಾರ್ಯಾಗಾರ. ನ್ಯೂ ಸೌತ್ ವೇಲ್ಸ್ ರಾಜ್ಯದ ಎಂಜಿನ್‌ಗಳೂ ಬೋಗಿಗಳೂ ನೂರು ವರ್ಷ ಕಾಲ ದುರಸ್ತಿಗೆ ಬರುತ್ತಿದ್ದುದು ಇಲ್ಲಿಗೇ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಹೊಸ ಎಂಜಿನ್‌ಗಳೂ ಇಲ್ಲೇ ತಯಾರಾಗತೊಡಗಿದವು. ರಜಾದಿನಗಳಲ್ಲಿ ಸೆಂಟ್ರಲ್‌ನಿಂದ ಹೊರಡುವ ಪಾರಂಪರಿಕ ಉಗಿಬಂಡಿಗಳು ಸಾಗುವುದೂ ಈ ಕಟ್ಟಡಗಳ ನಡುವಿನಿಂದಲೇ. ಆ ಹೊತ್ತಿಗೆ ಪ್ರಯಾಣಿಕರ ಕಣ್ಣೆಲ್ಲ ಮುಂದಿನ ಎಂಜಿನ್‌ನ ಮೇಲಿರುತ್ತದೆ. ಎಂಜಿನ್‌ಗಳನ್ನು ಕಟ್ಟಿ, ಸಲಹಿ, ಅವುಗಳ ಹೊಗೆಯನ್ನೂ ಕುಡಿದ ಕೇರಿ ಕಿಟಕಿಯಾಚೆ ಸರಿದುಹೋಗುತ್ತದೆ. ಉಗಿಬಂಡಿಯನ್ನು ಪರಂಪರೆ ಎಂದು ಕರೆಯುವುದಾದರೆ ಆ ಹೆಸರಿನಲ್ಲಿ ಈ ಕೇರಿಗೂ ಪಾಲು ಸಲ್ಲಬೇಕು.

ಈ ನೆಲ ಗಾಡಿಗಲ್ ಎಂಬ ಮೂಲನಿವಾಸಿ ಸಮುದಾಯದ್ದು. ಬಡಾವಣೆಗೆ ಹೆಸರು ಬಂದದ್ದು ವಿಲಿಯಂ ರೆಡ್‌ಫರ್ನ್ ಎಂಬ ವೈದ್ಯನಿಂದ. 1797ರಲ್ಲಿ ಬ್ರಿಟನ್ನಿನ ನೋರ್ ಎಂಬಲ್ಲಿ ನಾವಿಕರು ದಂಗೆಯೆದ್ದಾಗ ಅವರ ಜೊತೆ ಸೇರಿದನೆಂದು ಆತನಿಗೆ ಮರಣದಂಡನೆ ವಿಧಿಸಲಾಗಿತ್ತು. ಆ ಶಿಕ್ಷೆ ಗಡಿಪಾರಿಗೆ ಇಳಿದು, ಆತ ಕೈದಿಯಾಗಿ ಆಸ್ಟ್ರೇಲಿಯಕ್ಕೆ ಬಂದ. ಕ್ಷಮಾದಾನ ಸಿಕ್ಕಮೇಲೆ ವಸಾಹತಿನ ಹೆಸರಾಂತ ವೈದ್ಯನಾದ. 1817ರಲ್ಲಿ ಗವರ್ನರ್ ಮ್ಯಾಕ್ವಾರಿ ಇಲ್ಲಿ ನೂರು ಎಕರೆ ಭೂಮಿಯನ್ನು ಆತನಿಗೆ ಬರೆದುಕೊಟ್ಟ. ಗಾಡಿಗಲ್ ಜನರನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ರೈಲು ಬಂದದ್ದು 1855ರ ಸೆಪ್ಟೆಂಬರ್ 26ರಂದು, ಸಿಡ್ನಿಯಿಂದ ಪ್ಯಾರಮಾಟ ಕಡೆಗೆ. ಆಗಿನ ಸಿಡ್ನಿ ನಿಲ್ದಾಣ ಈಗಿನ ಸೆಂಟ್ರಲ್‌ಗಿಂತ ತುಸು ದಕ್ಷಿಣಕ್ಕಿತ್ತು. ಜನ ಅದನ್ನೇ ರೆಡ್‌ಫರ್ನ್ ನಿಲ್ದಾಣ ಎನ್ನುತ್ತಿದ್ದರು. ಈಗಿನ ರೆಡ್‌ಫರ್ನ್ ನಿಲ್ದಾಣ 1878ರಲ್ಲಿ ಈವ್ಲಿ ಎಂಬ ಹೆಸರಿನಲ್ಲಿ ಶುರುವಾಯಿತು. ಡೆವನ್‌ಶೈರ್ ಸ್ಟ್ರೀಟ್ ಸ್ಮಶಾನವನ್ನು ತೆರವು ಮಾಡಿ ಕಟ್ಟಿದ ಸೆಂಟ್ರಲ್ ನಿಲ್ದಾಣ 1906ರಲ್ಲಿ ತೆರೆದ ಮೇಲೆ ರೆಡ್‌ಫರ್ನ್ ಎಂಬ ಹೆಸರು ಇಲ್ಲಿಗೆ ಬಂತು.

ಸೆಂಟ್ರಲ್‌ಗೂ ರೆಡ್‌ಫರ್ನ್‌ಗೂ ನಡುವೆ, ರೀಜೆಂಟ್ ಸ್ಟ್ರೀಟಿನ ಪಕ್ಕದಲ್ಲಿ, ಚರ್ಚಿನಂತೆ ಕಾಣುವ ಮರಳುಗಲ್ಲಿನ ಪುಟ್ಟ ನಿಲ್ದಾಣವೊಂದಿದೆ. ಅದು ಮಾರ್ಚುರಿ ಸ್ಟೇಷನ್, ಅಂದರೆ ಶವಯಾತ್ರೆಯ ನಿಲ್ದಾಣ. ವಸಾಹತಿನ ವಾಸ್ತುಶಿಲ್ಪಿ ಜೇಮ್ಸ್ ಬಾರ್ನೆಟ್ ರೂಪಿಸಿದ ಈ ಗಾಥಿಕ್ ಕಟ್ಟಡ 1869ರಲ್ಲಿ ಬಳಕೆಗೆ ಬಂತು. ಊರೊಳಗಿನ ಸ್ಮಶಾನಗಳು ತುಂಬಿಹೋಗಿದ್ದರಿಂದ ಪಶ್ಚಿಮದ ರುಕ್‌ವುಡ್‌ನಲ್ಲಿ ದೊಡ್ಡ ರುದ್ರಭೂಮಿ ತೆರೆದಿದ್ದರು. ಶವಪೆಟ್ಟಿಗೆ ಹಾಗೂ ಬಂಧುಗಳನ್ನು ಹೊತ್ತ ಉಗಿಬಂಡಿ ಇಲ್ಲಿಂದ ಹೊರಟು ರುಕ್‌ವುಡ್‌ನ ಒಳಗೇ ಹೋಗಿ ನಿಲ್ಲುತ್ತಿತ್ತು. ರುಕ್‌ವುಡ್‌ನ ಕವಲು ಹಳಿ 1948ರಲ್ಲಿ ಮುಚ್ಚಿತು. ಅಲ್ಲಿದ್ದ ನಿಲ್ದಾಣದ ಕಲ್ಲುಗಳನ್ನು ಬಿಚ್ಚಿ ಕ್ಯಾನ್‌ಬೆರಾಕ್ಕೆ ಸಾಗಿಸಿ, ಐನ್ಸ್‌ಲಿ ಎಂಬಲ್ಲಿ ಆಲ್ ಸೇಂಟ್ಸ್ ಚರ್ಚ್ ಆಗಿ ಮತ್ತೆ ನಿಲ್ಲಿಸಿದರು. ರೀಜೆಂಟ್ ಸ್ಟ್ರೀಟಿನ ನಿಲ್ದಾಣ ಮಾತ್ರ ಇದ್ದಲ್ಲೇ ಉಳಿದಿದೆ. ಹಾಯುವ ರೈಲಿನಿಂದಲೂ ಅದರ ಕಮಾನುಗಳನ್ನು ನೋಡಬಹುದು.

ಈವ್ಲಿ ಕಾರ್ಯಾಗಾರಕ್ಕೆ ಸರ್ಕಾರ ಜಮೀನು ವಶಪಡಿಸಿಕೊಂಡದ್ದು 1870ರ ದಶಕದ ಕೊನೆಗೆ. 1880ರ ದಶಕದಲ್ಲಿ ಕಟ್ಟಡಗಳು ಎದ್ದು, 1887ರಲ್ಲಿ ಕೆಲಸ ಶುರುವಾಯಿತು. ಹಳಿಗಳ ಉತ್ತರಕ್ಕೆ ಬೋಗಿ ವಿಭಾಗ, ದಕ್ಷಿಣಕ್ಕೆ ಎಂಜಿನ್ ವಿಭಾಗ. ದುರಸ್ತಿಗೆ ಬಂದ ಎಂಜಿನ್ನನ್ನು ಮೊದಲು ಪೂರ್ತಿ ಬಿಚ್ಚಬೇಕು. ಮೇಲಿನ ಕ್ರೇನ್ ಅದನ್ನು ಎತ್ತಿಹಿಡಿದಾಗ ಚಕ್ರಗಳು ಕೆಳಗೆ ಉಳಿದು ಒಂದು ಕಡೆಗೆ ಉರುಳಿಹೋಗುತ್ತವೆ, ಬಾಯ್ಲರ್ ಇನ್ನೊಂದು ಕಡೆಗೆ ಹೋಗುತ್ತದೆ. ಬಾಯ್ಲರಿನೊಳಗಿನ ಕೊಳವೆಗಳನ್ನು ಕಳಚಿ, ಉಪ್ಪುಕಟ್ಟಿದ ಪದರವನ್ನು ಕೆರೆದು, ಸವೆದವನ್ನು ಬದಲಿಸಿ, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಬಾಯ್ಲರ್ ವಿಭಾಗದಲ್ಲಿ ರಿವೆಟ್ ಹೊಡೆಯುವ ಸದ್ದಿಗೆ ಕೆಲಸಗಾರರ ಕಿವಿ ಮಂದವಾಗುತ್ತಿತ್ತು. ಶಾಖ ಸೋರದಂತೆ ಬಾಯ್ಲರಿಗೆ ಹೊದಿಸುತ್ತಿದ್ದ ಕಲ್ನಾರು ಅವರ ಶ್ವಾಸಕೋಶಕ್ಕೆ ಇಳಿಯಿತು. ಉಗಿಬಂಡಿಯ ಅಂದಚೆಂದವನ್ನು ಹೊಗಳುವ ಪುಸ್ತಕಗಳಲ್ಲಿ ಈ ಎರಡು ಸಂಗತಿಗಳಿಗೆ ಸಿಗುವ ಜಾಗ ತೀರಾ ಕಡಿಮೆ.

ಎಂಜಿನ್ ವಿಭಾಗದ ಒಂದು ತುದಿಯಲ್ಲಿ ಕಮ್ಮಾರಸಾಲೆ. ಕುಲುಮೆಗಳು, ಉಗಿಯಿಂದ ಬಡಿಯುವ ಸುತ್ತಿಗೆಗಳು, 1500 ಟನ್ ಬಲದ ಡೇವಿ ಪ್ರೆಸ್ ಇಂದಿಗೂ ಅಲ್ಲೇ ಇವೆ. ಕೆಂಡದಂತೆ ಕಾದ ಉಕ್ಕಿನ ದಿಮ್ಮಿಯನ್ನು ಸರಪಳಿಯಲ್ಲಿ ತೂಗುಹಾಕಿ ಪ್ರೆಸ್ಸಿನ ಬಾಯಿಗೆ ತರುತ್ತಿದ್ದರು. ಪ್ರತಿ ಒತ್ತಿಗೂ ಅದನ್ನು ತುಸು ತಿರುಗಿಸಬೇಕು. ತಿರುಗಿಸುವವನೂ ಪ್ರೆಸ್ ನಡೆಸುವವನೂ ಮಾತಿಲ್ಲದೆ ಕೈಸನ್ನೆಯಲ್ಲೇ ಹೊಂದಿಕೊಳ್ಳಬೇಕು. ಅಳತೆಪಟ್ಟಿಗಿಂತ ಕಣ್ಣಿನ ಅಂದಾಜೇ ಇಲ್ಲಿ ಹೆಚ್ಚು ನಡೆಯುತ್ತಿತ್ತು. ಈ ಅಂದಾಜು ಕೂಡಿಬರುವುದು ಹಳಬರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಲಿತಾಗ ಮಾತ್ರ. ಹದಿಹರೆಯದಲ್ಲಿ ಅಪ್ರೆಂಟಿಸ್ ಆಗಿ ಬಂದವರು ನಿವೃತ್ತಿಯವರೆಗೂ ಇಲ್ಲೇ ದುಡಿದದ್ದುಂಟು. ಅಪ್ಪ, ಮಗ, ಅಳಿಯ ಒಂದೇ ಗೇಟಿನಲ್ಲಿ ಒಳಹೊಗುತ್ತಿದ್ದ ಮನೆತನಗಳಿದ್ದವು.

ಅವರ ಮನೆಗಳೂ ಸಮೀಪದಲ್ಲೇ ಇದ್ದವು. ರೆಡ್‌ಫರ್ನ್, ಡಾರ್ಲಿಂಗ್‌ಟನ್, ಅಲೆಕ್ಸಾಂಡ್ರಿಯಾ, ಎರ್ಸ್ಕಿನ್‌ವಿಲ್ ಬೀದಿಗಳಲ್ಲಿ ಬೆಂಗಳೂರಿನ ಹಳೆಯ ವಠಾರಗಳಂತೆ ಗೋಡೆಗೆ ಗೋಡೆ ಹಂಚಿಕೊಂಡ ಸಾಲುಮನೆಗಳು ಎದ್ದವು. ಮುಂದೆ ಎರಡು ಹೆಜ್ಜೆಯ ಜಗಲಿ, ಹಿಂದೆ ಕಿರಿದಾದ ಅಂಗಳ, ಅದರಾಚೆ ಓಣಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೆಬನಾನಿನಿಂದ ಬಂದ ವರ್ತಕರು ರೆಡ್‌ಫರ್ನ್‌ನಲ್ಲಿ ಬಟ್ಟೆ ಮಳಿಗೆಗಳನ್ನು ತೆರೆದರು. ಹಳ್ಳಿ ಹಳ್ಳಿ ಸುತ್ತುವ ಲೆಬನಾನಿ ಹೊತ್ತುಮಾರಾಟಗಾರರಿಗೆ ಸರಕು ಸಿಗುತ್ತಿದ್ದುದು ಇಲ್ಲಿಂದ.

1917ರ ಆಗಸ್ಟ್ 2ರಂದು ಈವ್ಲಿಯ ಕೆಲಸಗಾರರು ಉಪಕರಣ ಕೆಳಗಿಟ್ಟು ಹೊರಬಂದರು. ರ‍್ಯಾಂಡ್‌ವಿಕ್‌ನ ಟ್ರಾಮ್ ಕಾರ್ಯಾಗಾರದವರೂ ಅದೇ ದಿನ ಹೊರನಡೆದರು. ಒಬ್ಬೊಬ್ಬ ಕೆಲಸಗಾರನೂ ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಂಡ ಎಂಬುದನ್ನು ಕಾರ್ಡಿನಲ್ಲಿ ದಾಖಲಿಸುವ ಪದ್ಧತಿಯನ್ನು ಆಡಳಿತ ಜಾರಿಗೆ ತಂದದ್ದೇ ಇದಕ್ಕೆ ಕಾರಣ. ಅಮೆರಿಕದಿಂದ ಬಂದ ಈ ಪದ್ಧತಿ ಕಸುಬುದಾರನನ್ನು ಗಡಿಯಾರದ ಆಳಾಗಿಸುತ್ತದೆ ಎಂಬುದು ಅವರ ವಾದವಾಗಿತ್ತು. ಗಣಿ, ಬಂದರು, ಹಡಗು ಕಾರ್ಮಿಕರೂ ಜೊತೆಗೂಡಿ ಮುಷ್ಕರ ಸುಮಾರು ಒಂದು ಲಕ್ಷ ಜನರಿಗೆ ಹಬ್ಬಿತು. ಸರ್ಕಾರ ಹಳ್ಳಿಗಾಡಿನಿಂದ ಬದಲಿ ಆಳುಗಳನ್ನು ಕರೆಸಿ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಬಿಡಾರ ಹಾಕಿಸಿತು. ಸೆಪ್ಟೆಂಬರ್‌ನಲ್ಲಿ ರೈಲ್ವೆ ನೌಕರರು ಸೋತು ಹಿಂದಿರುಗಿದರು. ಅನೇಕರನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ, ಸೇರಿದವರಲ್ಲಿ ಎಷ್ಟೋ ಮಂದಿ ಸೇವಾ ಹಿರಿತನ ಕಳೆದುಕೊಂಡರು.

ಸೋಲಿನ ಫಲ ಬೇರೊಂದು ಕಡೆ ಕಾಣಿಸಿತು. ರೆಡ್‌ಫರ್ನ್‌ನಲ್ಲೇ ಹುಟ್ಟಿ ಈವ್ಲಿಯಲ್ಲಿ ಫಿಟ್ಟರ್ ಆಗಿದ್ದ ಜೋಸೆಫ್ ಕಾಹಿಲ್ ಈ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರಲ್ಲಿ ಒಬ್ಬ. ರಾಜಕೀಯಕ್ಕೆ ಬಂದು 1952ರಲ್ಲಿ ರಾಜ್ಯದ ಪ್ರೀಮಿಯರ್ ಆದ. ಸಿಡ್ನಿ ಒಪೆರಾ ಹೌಸ್ ಕಟ್ಟಲೇಬೇಕೆಂದು ಹಟ ಹಿಡಿದು 1959ರಲ್ಲಿ ಕೆಲಸ ಶುರುಮಾಡಿಸಿದವನೂ ಈತನೇ. ಬ್ಯಾಥರ್ಸ್ಟ್‌ನಲ್ಲಿ ಎಂಜಿನ್ ಡ್ರೈವರ್ ಆಗಿದ್ದು ಇದೇ ಮುಷ್ಕರದಲ್ಲಿ ಶಿಕ್ಷೆಗೆ ಒಳಗಾದ ಬೆನ್ ಚಿಫ್ಲಿ 1945ರಲ್ಲಿ ದೇಶದ ಪ್ರಧಾನಿಯಾದ.

ಮುಷ್ಕರದ ಆ ವರ್ಷ ಈವ್ಲಿಯಲ್ಲಿ ತಯಾರಾದ ಎಂಜಿನ್‌ಗಳಲ್ಲಿ ಒಂದು 3526. ಎಕ್ಸ್‌ಪ್ರೆಸ್ ರೈಲುಗಳಿಗಾಗಿ 1914ರಿಂದ 1923ರವರೆಗೆ ಇಲ್ಲಿ ಕಟ್ಟಿದ 35 ಎಂಜಿನ್‌ಗಳ ಸಾಲಿನದು ಅದು. ಅದನ್ನು ಉಳಿಸಿಕೊಂಡಿದ್ದಾರೆ, ಪ್ರವಾಸಿ ರೈಲುಗಳನ್ನೂ ಅದು ಎಳೆದಿದೆ. ಆದರೆ ಸಿಡ್ನಿಯ ಜನರಿಗೆ ಉಗಿಬಂಡಿ ಎಂದರೆ ಮೊದಲು ನೆನಪಾಗುವುದು 3801. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಗ್ರ್ಯಾನ್‌ವಿಲ್‌ನ ಕ್ಲೈಡ್ ಎಂಜಿನಿಯರಿಂಗ್ ಕಂಪನಿಯಿಂದ ಅದು ಹೊರಬಂತು. ಗಾಳಿಯನ್ನು ಸೀಳಿಹೋಗುವಂತೆ ಮೂತಿಯನ್ನು ಉರುಟಾಗಿಸಿದ ಮೈಕಟ್ಟು, 1.75 ಮೀಟರ್ ವ್ಯಾಸದ ಚಾಲಕ ಚಕ್ರಗಳು, ಕಲ್ಲಿದ್ದಲು, ನೀರು ಹೊರುವ ಟೆಂಡರ್ ಸೇರಿ 200 ಟನ್ನಿಗೂ ಹೆಚ್ಚು ತೂಕ. ಈ ವರ್ಗದ ಒಟ್ಟು 30 ಎಂಜಿನ್‌ಗಳಲ್ಲಿ ಮೊದಲ ಐದು ಮಾತ್ರ ಕ್ಲೈಡ್‌ನವು. ಉಳಿದ 25ರಲ್ಲಿ ಸಮಸಂಖ್ಯೆಯ 13 ಎಂಜಿನ್‌ಗಳು ಈವ್ಲಿಯಲ್ಲೂ, ಬೆಸಸಂಖ್ಯೆಯ 12 ನ್ಯೂಕಾಸಲ್ ಬಳಿಯ ಕಾರ್ಡಿಫ್ ಕಾರ್ಯಾಗಾರದಲ್ಲೂ ತಯಾರಾದವು.

ಡೀಸೆಲ್ ಬಂದಮೇಲೆ ಉಗಿ ಎಂಜಿನ್‌ಗಳು ಒಂದೊಂದಾಗಿ ಗುಜರಿಗೆ ಹೋದವು. 1973ರ ಹೊತ್ತಿಗೆ ರಾಜ್ಯದ ನಿತ್ಯಸೇವೆಯಲ್ಲಿ ಒಂದೂ ಉಳಿಯಲಿಲ್ಲ. ಅಷ್ಟರಲ್ಲೇ ಉತ್ಸಾಹಿಗಳು 1962ರಲ್ಲಿ ರೈಲು ವಸ್ತುಸಂಗ್ರಹಾಲಯದ ಸಂಘ ಕಟ್ಟಿಕೊಂಡು ಕೈಗೆ ಸಿಕ್ಕಷ್ಟನ್ನು ಕಾಪಾಡಿದ್ದರು. 1964ರ ಜೂನ್‌ನಲ್ಲಿ 3801 ಸಿಡ್ನಿಯಿಂದ ನ್ಯೂಕಾಸಲ್‌ಗೆ 2 ಗಂಟೆ 1 ನಿಮಿಷ 51 ಸೆಕೆಂಡುಗಳಲ್ಲಿ ತಲುಪಿ ದಾಖಲೆ ಮಾಡಿತು. 1970ರಲ್ಲಿ, ಪೂರ್ವ ಪಶ್ಚಿಮ ತೀರಗಳ ನಡುವೆ ಒಂದೇ ಅಳತೆಯ ಹಳಿ ಸಿದ್ಧವಾದ ವರ್ಷವೇ, ಪರ್ತ್‌ವರೆಗೆ ಖಂಡ ದಾಟಿಹೋಯಿತು. ಮುಂದೆ ಕೆಟ್ಟು ನಿಂತಾಗ ನ್ಯೂಕಾಸಲ್‌ನಲ್ಲಿ ತರಬೇತಿಯ ಹುಡುಗರು ಅದನ್ನು ರಿಪೇರಿ ಮಾಡಿ 1986ರಲ್ಲಿ ಹಳಿಗೆ ತಂದರು. ಆಮೇಲೆ ಅದಕ್ಕೆ ನೆಲೆಯಾದದ್ದು ಈವ್ಲಿಯ ದೊಡ್ಡ ಜೋಡಣಾ ಶೆಡ್, ಅಂದರೆ 1899ರ ಕಟ್ಟಡ. ಸ್ವಯಂಸೇವಕರಾಗಿ ಬಂದ ನಿವೃತ್ತ ನೌಕರರ ಕೈಯಲ್ಲಿ ಹಳೆಯ ಕಸುಬು ಇನ್ನಷ್ಟು ವರ್ಷ ಅಲ್ಲಿ ನಡೆಯಿತು.

ಪ್ರವಾಸಿ ರೈಲುಗಳ ಚರಿತ್ರೆಯಲ್ಲಿ ಮರೆಯಬಾರದ ದಿನವೊಂದಿದೆ. 1990ರ ಮೇ 6ರ ಸಂಜೆ 3801 ಎಳೆಯುತ್ತಿದ್ದ ರೈಲು ಸಿಡ್ನಿಗೆ ವಾಪಸಾಗುವಾಗ ಕೋವನ್ ಏರಿನಲ್ಲಿ ನಿಂತುಬಿಟ್ಟಿತು. ಬೋಗಿಯೊಂದರ ಹ್ಯಾಂಡ್‌ಬ್ರೇಕನ್ನು ಯಾರೋ ಪ್ರಯಾಣಿಕ ತಿರುಗಿಸಿದ್ದು ತನಿಖೆಯಲ್ಲಿ ತಿಳಿಯಿತು. ಚಕ್ರ ಜಾರದಿರಲೆಂದು ಹಳಿಯ ಮೇಲೆ ಸುರಿದ ಮರಳು ಚಕ್ರಕ್ಕೂ ಹಳಿಗೂ ನಡುವಿನ ವಿದ್ಯುತ್ ಸಂಪರ್ಕ ತಪ್ಪಿಸಿತು. ರೈಲು ಇರುವುದನ್ನು ಆ ಸಂಪರ್ಕದಿಂದಲೇ ಅರಿಯುವ ಹಿಂದಿನ ಸಿಗ್ನಲ್, ಹಳಿ ಖಾಲಿಯಿದೆ ಎಂದು ಹಸಿರು ತೋರಿತು. ಹಿಂದೆ ಬಂದ ವಿದ್ಯುತ್ ರೈಲು ಡಿಕ್ಕಿ ಹೊಡೆದು ಆರು ಜನ ಸತ್ತರು. ಹಳೆಯ ಬಂಡಿಯನ್ನು ಹೊಸ ಸಂಚಾರದ ನಡುವೆ ಓಡಿಸುವುದು ಎಷ್ಟು ಹೊಣೆಯ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರೆಡ್‌ಫರ್ನ್‌ನ ಇನ್ನೊಂದು ಚರಿತ್ರೆಯೂ ಈ ಕಾರ್ಯಾಗಾರಕ್ಕೆ ಹೆಣೆದುಕೊಂಡಿದೆ. ಇಪ್ಪತ್ತನೆಯ ಶತಮಾನದಲ್ಲಿ ಒಳನಾಡಿನ ಮೂಲನಿವಾಸಿ ಕುಟುಂಬಗಳು ಕೆಲಸ ಹುಡುಕಿ ರೈಲು ಹತ್ತಿ ಇಲ್ಲಿ ಇಳಿದವು. ಈವ್ಲಿಯಲ್ಲಿ, ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಮೆ ಸಿಕ್ಕಿತು, ಬಾಡಿಗೆಯೂ ಅಗ್ಗವಿತ್ತು. 1970ರಲ್ಲಿ ಮೂಲನಿವಾಸಿಗಳ ಕಾನೂನು ನೆರವು ಕೇಂದ್ರ, 1971ರಲ್ಲಿ ಅವರದೇ ವೈದ್ಯಕೀಯ ಸೇವಾ ಕೇಂದ್ರ, 1972ರಲ್ಲಿ ಬ್ಲ್ಯಾಕ್ ಥಿಯೇಟರ್ ಹುಟ್ಟಿದ್ದು ಈ ಕೇರಿಯಲ್ಲೇ. 1973ರಲ್ಲಿ ಪ್ರಧಾನಿ ವಿಟ್ಲಂ ಸರ್ಕಾರದ ಅನುದಾನದಿಂದ ಅಬೊರಿಜಿನಲ್ ಹೌಸಿಂಗ್ ಕಂಪನಿ ಈವ್ಲಿ ಸ್ಟ್ರೀಟ್ ಸುತ್ತಲಿನ ಮನೆಗಳನ್ನು ಕೊಳ್ಳತೊಡಗಿತು. ಆ ಜಾಗಕ್ಕೆ ದಿ ಬ್ಲಾಕ್ ಎಂಬ ಹೆಸರು ನಿಂತಿತು. 1992ರ ಡಿಸೆಂಬರ್ 10ರಂದು ಪ್ರಧಾನಿ ಪಾಲ್ ಕೀಟಿಂಗ್ ಮೂಲನಿವಾಸಿಗಳ ನೆಲ ಕಸಿದವರು ಬಿಳಿಯರೇ ಎಂದು ಬಹಿರಂಗವಾಗಿ ಒಪ್ಪಿಕೊಂಡದ್ದು ರೆಡ್‌ಫರ್ನ್ ಪಾರ್ಕಿನ ವೇದಿಕೆಯಲ್ಲಿ.

ಕಾಲ ಕಳೆದಂತೆ ಕೆಲಸ ತಪ್ಪಿತು. 1980ರ ದಶಕದ ಕೊನೆಗೆ ಎಂಜಿನ್ ವಿಭಾಗ ಮುಚ್ಚಿತು. ದಿ ಬ್ಲಾಕ್‌ನಲ್ಲಿ ನಿರುದ್ಯೋಗ, ಮಾದಕವಸ್ತು, ಪೊಲೀಸರ ಮೇಲಿನ ಸಿಟ್ಟು ಬೆಳೆದವು. 2004ರ ಫೆಬ್ರವರಿಯಲ್ಲಿ ಹದಿಹರೆಯದ ಹುಡುಗನೊಬ್ಬ ಸತ್ತಾಗ ಆ ಸಿಟ್ಟು ಸಿಡಿದು ರಾತ್ರಿಯಿಡೀ ಗಲಭೆ ನಡೆಯಿತು. ಹಳೆಯ ಮನೆಗಳನ್ನು ಆಮೇಲೆ ಕೆಡವಿದರು. ಈಗ ಅಲ್ಲಿ ಮೂಲನಿವಾಸಿ ಕುಟುಂಬಗಳಿಗಾಗಿ 62 ಮನೆಗಳೂ ವಿದ್ಯಾರ್ಥಿಗಳ ಬಹುಮಹಡಿ ವಸತಿಯೂ ಇವೆ. ಸುತ್ತಲಿನ ಸಾಲುಮನೆಗಳನ್ನು ಕಾರ್ಮಿಕನೊಬ್ಬ ಕೊಳ್ಳುವ ಮಾತೇ ಇಲ್ಲ. ಎಂಜಿನ್‌ಗಳಿಗೆ ಸಿಕ್ಕ ಜತನ ಅವುಗಳನ್ನು ಕಟ್ಟಿದವರ ಬೀದಿಗಳಿಗೆ ಸಿಗಲಿಲ್ಲ ಎಂಬುದು ಇಲ್ಲಿ ಕಣ್ಣಿಗೆ ಹೊಡೆಯುವ ಅನ್ಯಾಯ.

ಬೋಗಿ ವಿಭಾಗ 2007ರಿಂದ ಕ್ಯಾರಿಜ್‌ವರ್ಕ್ಸ್ ಎಂಬ ಕಲಾಕೇಂದ್ರವಾಗಿದೆ, ಶನಿವಾರ ಬೆಳಿಗ್ಗೆ ಅಲ್ಲಿ ರೈತರ ಸಂತೆ ಸೇರುತ್ತದೆ. ಎಂಜಿನ್ ವಿಭಾಗದ ಆವರಣಕ್ಕೆ ಈಗ ಸೌತ್ ಈವ್ಲಿ ಎಂದು ಹೆಸರು. ಬ್ಯಾಂಕು, ತಂತ್ರಜ್ಞಾನ ಕಂಪನಿಗಳ ಕಚೇರಿಗಳು, ಉಪಾಹಾರ ಗೃಹಗಳು ಬಂದಿವೆ. ಅವುಗಳ ನಡುವೆ ಹಳೆಯ ಯಂತ್ರಗಳನ್ನೂ ಕಮ್ಮಾರಸಾಲೆಯನ್ನೂ ನೋಡಬಹುದು. 2023ರಲ್ಲಿ ರೆಡ್‌ಫರ್ನ್ ನಿಲ್ದಾಣದ ದಕ್ಷಿಣ ತುದಿಯಲ್ಲಿ ಹೊಸ ಮೇಲ್ಸೇತುವೆ ತೆರೆದ ಮೇಲೆ ಎರಡೂ ಬದಿಯ ಕಟ್ಟಡಗಳನ್ನು ಅರ್ಧ ದಿನದಲ್ಲಿ ನಡೆದೇ ನೋಡಿ ಮುಗಿಸಬಹುದು.

2007ರಲ್ಲಿ ಸೇವೆಯಿಂದ ಹಿಂದೆ ಸರಿದ 3801, ಬಾಯ್ಲರಿನ ತೊಡಕುಗಳಿಂದಾಗಿ 2021ರ ಮಾರ್ಚ್‌ವರೆಗೂ ಜನರನ್ನು ಹೊತ್ತು ಓಡಲಿಲ್ಲ. ಈಗ ರಾಜ್ಯದ ಪಾರಂಪರಿಕ ರೈಲುಗಳ ಹೊಣೆ ಟ್ರಾನ್ಸ್‌ಪೋರ್ಟ್ ಹೆರಿಟೇಜ್ ಎನ್‌ಎಸ್‌ಡಬ್ಲ್ಯು ಸಂಸ್ಥೆಯದು. ಅದರ ವಸ್ತುಸಂಗ್ರಹಾಲಯ ಸಿಡ್ನಿಯಿಂದ ನೈರುತ್ಯಕ್ಕೆ ಸುಮಾರು 90 ಕಿ.ಮೀ. ದೂರದ ಥರ್ಲ್‌ಮಿಯರ್‌ನಲ್ಲಿದೆ. ಜೂನ್‌ನ ದೀರ್ಘ ವಾರಾಂತ್ಯದಲ್ಲಿ ಸೆಂಟ್ರಲ್ ನಿಲ್ದಾಣದಿಂದ, ಏಪ್ರಿಲ್‌ನಲ್ಲಿ ಮೇಟ್‌ಲಂಡ್‌ನ ಸ್ಟೀಮ್‌ಫೆಸ್ಟ್ ಉತ್ಸವದಲ್ಲಿ ಉಗಿಬಂಡಿ ಪ್ರವಾಸಗಳು ನಡೆಯುತ್ತವೆ. ಬಿರುಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಬೆಂಕಿ ನಿಷೇಧ ಘೋಷಿಸಿದ ದಿನ ಉಗಿ ಎಂಜಿನ್ ಬದಲು ಡೀಸೆಲ್ ಎಂಜಿನ್ ಹೂಡುವುದುಂಟು. ಆದ್ದರಿಂದ ಜೂನ್ ಸುತ್ತಮುತ್ತಲಿನ ಚಳಿಗಾಲದ ತಿಂಗಳುಗಳೇ ಪ್ರವಾಸಕ್ಕೆ ಸೂಕ್ತ.