46 ವರ್ಷಗಳ ದೇವಾಲಯವೂ ನಮ್ಮ ಜೀರ್ಣೋದ್ಧಾರವೂ



ನವೆಂಬರ್ 9ರಂದು ಧರ್ಮಸಭೆ ರೋಮಿನ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತದೆ. ಅಂದಿನ ಶುಭಸಂದೇಶದಲ್ಲಿ (ಯೊವಾನ್ನ 2:13-22) ಜೆರುಸಲೇಮಿನ ದೇವಾಲಯಕ್ಕೆ 46 ವರ್ಷ ಹಿಡಿಯಿತೆಂಬ ಮಾತು ಬರುತ್ತದೆ. ಅದು ಅರಸ ಹೆರೋದನು ಕೈಗೊಂಡ ಜೀರ್ಣೋದ್ಧಾರ. ಇದ್ದುದನ್ನು ಕೆಡವಿ ಅರ್ಧಕ್ಕೆ ನಿಲ್ಲಿಸಿದರೆ ಗತಿಯೇನೆಂದು ಜನ ಹೆದರಿದ್ದರು. ಎಲ್ಲವೂ ಸಿದ್ಧವಾಗುವ ತನಕ ಹಳೆಯದನ್ನು ಮುಟ್ಟುವುದಿಲ್ಲವೆಂದು ಅರಸನು ಮಾತುಕೊಟ್ಟು, 1,000 ಗಾಡಿಗಳನ್ನೂ 10,000 ಕುಶಲಕರ್ಮಿಗಳನ್ನೂ ಮೊದಲೇ ಅಣಿಗೊಳಿಸಿದನೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ವಾಮದಪದವಿನ ಆಸುಪಾಸಿನ ಯಾವುದೇ ಧರ್ಮಕೇಂದ್ರ ಹಳೆಯ ದೇವಾಲಯವನ್ನು ವಿಸ್ತರಿಸಹೊರಟರೂ ಇದೇ ಭಯ ಕಾಡುತ್ತದೆ. ಹಣ ಒಮ್ಮೆಲೇ ಕೂಡಿಬರುವುದಿಲ್ಲ. ಈ ವರ್ಷ ಬಲಿಪೀಠದ ಭಾಗ, ಮುಂದಿನ ವರ್ಷ ಮುಖಮಂಟಪ, ಆಮೇಲೆ ಸಭಾಭವನ ಎಂದು ಹಂತಹಂತವಾಗಿ ಸಾಗಬೇಕು. ಭಾನುವಾರದ ಬಲಿಪೂಜೆ ನಿಲ್ಲುವಂತಿಲ್ಲ. ಜೂನ್ ತಿಂಗಳೊಳಗೆ ಮಾಡು ಮುಚ್ಚದಿದ್ದರೆ ಮಳೆ ನಮಗಾಗಿ ಕಾಯುವುದಿಲ್ಲ.

ಇಂಥ ಕೆಲಸಕ್ಕೆ ಇಂದು ನೆರವಾಗುವುದು ಬಿಲ್ಡಿಂಗ್ ಇನ್‌ಫರ್ಮೇಶನ್ ಮಾಡೆಲಿಂಗ್, ಚಿಕ್ಕದಾಗಿ ‘ಬಿಮ್’. ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಗೆರೆ. ಬಿಮ್‌ನಲ್ಲಿ ಅದು ಕೆಂಪುಕಲ್ಲಿನದೋ ಇಟ್ಟಿಗೆಯದೋ, ಎಷ್ಟು ದಪ್ಪ, ಎಷ್ಟು ಎತ್ತರ ಎಂಬ ವಿವರವೆಲ್ಲ ಗೋಡೆಯ ಜೊತೆಗೇ ಇರುತ್ತದೆ. ಮೊದಲು ಇರುವ ಕಟ್ಟಡವನ್ನು ಅಳೆದು ಕಂಪ್ಯೂಟರಿನಲ್ಲಿ ಅದರ ಪ್ರತಿರೂಪ ಮಾಡುತ್ತಾರೆ. ಬಳಿಕ ಪ್ರತಿಯೊಂದು ಭಾಗಕ್ಕೂ ಉಳಿಯುವುದು, ಕೆಡವುವುದು, ತಾತ್ಕಾಲಿಕ, ಹೊಸದು ಎಂಬ ಗುರುತನ್ನೂ ಅದರ ಹಂತವನ್ನೂ ಕೊಡುತ್ತಾರೆ. ಆಗ ಯಾವ ಹಂತದಲ್ಲಿ ಕಟ್ಟಡ ಹೇಗಿರುತ್ತದೆಂದು ಮೊದಲೇ ನೋಡಬಹುದು. ಜನರು ಯಾವ ಬಾಗಿಲಿನಿಂದ ಬರಬೇಕು? ಹೊಸ ತೊಲೆ ಹಳೆಯ ಕಿಟಕಿಗೆ ಅಡ್ಡ ಬರುತ್ತದೆಯೇ? ಮುಂದಿನ ಹಂತದ ಪೈಪನ್ನು ಈಗಲೇ ನೆಲದಡಿ ಹಾಕಬೇಕೇ? ಹಂತವಾರು ಕಲ್ಲು, ಸಿಮೆಂಟು, ಹಂಚಿನ ಲೆಕ್ಕವೂ ಸಿಗುತ್ತದೆ.

ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯ 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದಾಗ, ಅದಕ್ಕೆ ಹಲವು ವರ್ಷ ಮೊದಲು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಲೇಸರ್‌ನಿಂದ ತೆಗೆದಿಟ್ಟಿದ್ದ ಅಳತೆಗಳು ಪುನರ್‌ನಿರ್ಮಾಣಕ್ಕೆ ಆಧಾರವಾದವು. 2024ರ ಡಿಸೆಂಬರಿನಲ್ಲಿ ದೇವಾಲಯ ಮತ್ತೆ ತೆರೆಯಿತು. ಅಳೆದಿಟ್ಟದ್ದು ಆಪತ್ತಿಗೆ ಒದಗಿತು.

ಆದರೆ ಬಿಮ್ ಪವಾಡವಲ್ಲ. ತಪ್ಪು ಅಳತೆ ಕೊಟ್ಟರೆ ಅದು ತಪ್ಪನ್ನೇ ಅಂದವಾಗಿ ತೋರಿಸೀತು. ಗಿಲಾವಿನ ಒಳಗಿನ ಬಿರುಕು, ಗೆದ್ದಲು ಹಿಡಿದ ಪಕ್ಕಾಸು ಅದಕ್ಕೆ ತಾನಾಗಿ ಕಾಣದು. ಅನುಭವಿ ಮೇಸ್ತ್ರಿಯೂ ಎಂಜಿನಿಯರರೂ ಮುಟ್ಟಿ ನೋಡಿಯೇ ಹೇಳಬೇಕು. ಚಿಕ್ಕ ದುರಸ್ತಿಗೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಕಲಿಸಿದರು (ಲೂಕ 14:28). ಬೀಡಿ ಕಟ್ಟಿ, ಅಡಿಕೆ ಸುಲಿದು ಕೂಡಿಟ್ಟ ಹಣವನ್ನು ವಂತಿಗೆಯಾಗಿ ಕೊಟ್ಟ ತಾಯಂದಿರಿಗೆ ನಾವು ಆ ಲೆಕ್ಕವನ್ನು ಒಪ್ಪಿಸಬೇಕು. ಮುಂದಿನ ಹಂತ ಯಾವುದು, ಅದಕ್ಕೆಷ್ಟು ಬೇಕು ಎಂದು ಅವರ ಕಣ್ಣಿಗೆ ಕಾಣುವಂತೆ ತೋರಿಸಿದರೆ ವಿಶ್ವಾಸ ಉಳಿಯುತ್ತದೆ. ದೇವರ ಆಲಯ ನೀವೇ ಎಂದು ಅದೇ ಹಬ್ಬದ ವಾಚನದಲ್ಲಿ ಸಂತ ಪೌಲರು ನೆನಪಿಸುತ್ತಾರೆ. ಕಲ್ಲಿನ ಆಲಯ ಏಳುವಾಗ ಆ ಜೀವಂತ ಆಲಯ ಬಿರುಕು ಬಿಡದಿರಲಿ.