ಗೆಜ್ಜೆ ಕಟ್ಟಿದ ಗಿಟಾರ್

ಉತ್ತರಹಳ್ಳಿಯಲ್ಲಿ ನಮ್ಮ ಮನೆಯ ಮಗ್ಗುಲಿನ ಮಹಡಿಯ ಮೇಲೆ ಪ್ರತಿ ಸಂಜೆ ಒಬ್ಬ ತರುಣ ಗಿಟಾರ್ ಹಿಡಿದು ಕುಳಿತುಕೊಳ್ಳುತ್ತಾನೆ. ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ಸುಬ್ರಹ್ಮಣ್ಯಪುರದ ಕಡೆಗೆ ಹೋಗುವ ವಾಹನಗಳ ಸದ್ದು ಕೊಂಚ ತಗ್ಗಿದಾಗ ಅವನ ಹಾಡು ನಮ್ಮ ಅಂಗಳಕ್ಕೂ ಇಳಿದುಬರುತ್ತದೆ. ಕೆಲವು ದಿನಗಳ ಹಿಂದೆ ಅವನ ತಾಯಿ ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ನಿಮ್ಮ ಮಾತನ್ನಾದರೂ ಕೇಳುತ್ತಾನೋ ಏನೋ, ಸ್ವಲ್ಪ ಬುದ್ಧಿ ಹೇಳಿ. ಕೆಲಸಕ್ಕೆ ಸೇರುವುದಿಲ್ಲವಂತೆ. ಹಾಡು ಕಟ್ಟಿ ಹಾಡಿಕೊಂಡಿರುತ್ತೇನೆ ಅನ್ನುತ್ತಾನೆ. ಹಾಡಿನಿಂದ ಹೊಟ್ಟೆ ತುಂಬುತ್ತದೆಯೇ?"

ನಾನು ಥಟ್ಟನೆ ಉತ್ತರ ಹೇಳಲಾರದೆ ಹೋದೆ. ಅಷ್ಟರಲ್ಲಿ ಮಹಡಿಯಿಂದ ಹಾಡು ಕೇಳಿಬಂತು. ಅದು ಶಿಶುನಾಳ ಶರೀಫರ ಗುಡುಗುಡಿಯ ಪದ. ಧಾಟಿ ಮಾತ್ರ ರಘು ದೀಕ್ಷಿತರದು. ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಆ ಧಾಟಿಯ ಕರ್ತೃವಿನ ತಾರುಣ್ಯದ ದಿನಗಳಲ್ಲಿಯೇ ಹುಡುಕಬೇಕೆಂದು ನನಗೆ ಆಗಲೇ ತೋರಿತು.

ರಘು ದೀಕ್ಷಿತರು ಜನಿಸಿದ್ದು ೧೯೭೪ರ ನವೆಂಬರಿನಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥ ಮನೆತನ. ಬಾಲಕ ಕಲಿತದ್ದು ಗಿಟಾರ್ ಅಲ್ಲ, ಭರತನಾಟ್ಯ! ಅದರಲ್ಲಿ ವಿದ್ವತ್ ಪದವಿಯವರೆಗೂ ನಡೆದರು. ಓದಿನಲ್ಲಿಯೂ ಹಿಂದುಳಿದವರಲ್ಲ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಎಂ.ಎಸ್‌ಸಿ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದರು.

ಇಂಥ ಹುಡುಗನ ಕೈಗೆ ಗಿಟಾರ್ ಬಂದದ್ದು ಹೇಗೆ? ಅವರೇ ಹೇಳಿಕೊಂಡಿರುವ ಸಂಗತಿ ಸ್ವಾರಸ್ಯವಾಗಿದೆ. ಕಾಲೇಜಿನಲ್ಲಿ ಸಹಪಾಠಿಯೊಬ್ಬ ಭರತನಾಟ್ಯವೆಂದರೆ ಹುಡುಗಿಯರ ಕಸುಬೆಂದು ಹಂಗಿಸಿದನಂತೆ. ಆತ ಗಿಟಾರ್ ನುಡಿಸುವವನು. ರೇಗಿದ ರಘು, ಎರಡು ತಿಂಗಳೊಳಗೆ ತಾನೂ ಗಿಟಾರ್ ಕಲಿತು ತೋರಿಸುವೆನೆಂದು ಪಂಥ ಕಟ್ಟಿದರು. ಕಲಿತರು. ಪಂಥ ಮುಗಿದರೂ ಗಿಟಾರ್ ಕೈಬಿಡಲಿಲ್ಲ. ಹಂಗಿಸಿದ ಆ ಗೆಳೆಯನಿಗೆ ಕನ್ನಡಿಗರು ಋಣಿಗಳೆಂದರೆ ತಪ್ಪಾಗಲಾರದು!

ಮೈಸೂರಿನಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಡಗೂಡಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಕರ್ನಾಟಕ ಸಂಗೀತದ ಪಿಟೀಲು ಒಂದು ಕಡೆ, ಗಿಟಾರ್ ಇನ್ನೊಂದು ಕಡೆ. ಆದರೆ ಹೊಟ್ಟೆಪಾಡು ಎಂಬುದೊಂದಿದೆಯಲ್ಲ! ಔಷಧ ತಯಾರಿಕೆಯ ಸಂಸ್ಥೆಯೊಂದರ ಕೆಲಸದ ನಿಮಿತ್ತ ಅವರು ಬೆಲ್ಜಿಯಂಗೆ ತೆರಳಿದರು. ಪ್ರಯೋಗಶಾಲೆಯ ಬದುಕು, ಕೈತುಂಬ ಸಂಬಳ. ಅಲ್ಲಿ ರೇಡಿಯೋ ಕೇಂದ್ರವೊಂದರಲ್ಲಿ ಹಾಡುವ ಸಂದರ್ಭ ಒದಗಿತು. ಭಾಷೆಯರಿಯದ ಜನರೂ ಹಾಡಿಗೆ ಕಿವಿಗೊಟ್ಟುದನ್ನು ಕಂಡ ಮೇಲೆ ಪ್ರಯೋಗಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲಸ ಬಿಟ್ಟು ಸ್ವದೇಶಕ್ಕೆ ಮರಳಿದರು.

ಇಲ್ಲಿಂದ ಮುಂದಿನದನ್ನು ಮಹಡಿಯ ಮೇಲಿನ ನಮ್ಮ ತರುಣ ವಿಶೇಷವಾಗಿ ಗಮನಿಸಬೇಕು. ಮರಳಿದೊಡನೆ ಯಶಸ್ಸು ಹಾರ ಹಿಡಿದು ಕಾದಿರಲಿಲ್ಲ. ಬೆಂಗಳೂರಿಗೆ ಬಂದು ನೆಲಸಿದ ಬಳಿಕ ವರ್ಷಗಟ್ಟಲೆ ಧ್ವನಿಮುದ್ರಣ ಸಂಸ್ಥೆಗಳ ಬಾಗಿಲು ತಟ್ಟಿದರು, ಯಾವುದೂ ತೆರೆಯಲಿಲ್ಲ. ಸಿನಿಮಾದ ಹಂಗಿಲ್ಲದ ಹಾಡು, ಅದೂ ಕನ್ನಡ, ಹಿಂದಿ, ಇಂಗ್ಲಿಷುಗಳ ಮಿಶ್ರಣ. ವ್ಯಾಪಾರಿಗೆ ಯಾವ ಕಪಾಟಿನಲ್ಲಿ ಇಡಬೇಕೆಂದೇ ತಿಳಿಯದ ಸರಕು. 'ಅಂತರಾಗ್ನಿ'ಯೂ ಚದುರಿತು. ಒಬ್ಬರೇ ಉಳಿದ ರಘು, ಬಂದುಹೋಗುವ ವಾದ್ಯಗಾರರನ್ನೆಲ್ಲ ಸೇರಿಸಿಕೊಳ್ಳುವಂಥ, ತೆರೆದ ಮನೆಯಂಥ ತಂಡವೊಂದನ್ನು ಕಟ್ಟಿಕೊಂಡರು. ಅದೇ 'ರಘು ದೀಕ್ಷಿತ್ ಪ್ರಾಜೆಕ್ಟ್'.

ಕಡೆಗೆ ಮುಂಬಯಿಯಲ್ಲಿ ಅವರ ಹಾಡನ್ನು ಕೇಳಿದ ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್-ಶೇಖರ್ ಅದಕ್ಕೆ ಮನಸೋತರು. ತಮ್ಮ ಸಂಸ್ಥೆಯಿಂದಲೇ ೨೦೦೮ರಲ್ಲಿ ಮೊದಲ ಧ್ವನಿಸಂಪುಟವನ್ನು ಹೊರತಂದರು. ಗಾಯಕನಿಗೆ ಆಗ ಮೂವತ್ಮೂರು ವಯಸ್ಸು. ಅದೇ ವರ್ಷ 'ಸೈಕೋ' ಎಂಬ ಕನ್ನಡ ಚಿತ್ರಕ್ಕೆ ಅವರು ಸಂಗೀತ ನೀಡಿದರು. ಚಿತ್ರವನ್ನು ಕಾಣದವರೂ ಅದರೊಳಗಿನ ಮಾದೇಶ್ವರನ ಹಾಡನ್ನು ಬಲ್ಲರು. ೨೦೧೦ರಲ್ಲಿ ಸುದೀಪ್ ನಿರ್ದೇಶಿಸಿದ 'ಜಸ್ಟ್ ಮಾತ್ ಮಾತಲ್ಲಿ' ಚಿತ್ರದ ಹಾಡುಗಳು ಬಂದವು. ನಾನಾಗ ವಿದ್ಯಾರ್ಥಿ, ಹಾಸ್ಟೆಲಿನ ಎಲ್ಲ ಕೋಣೆಗಳಲ್ಲೂ ಅವೇ.

ಇನ್ನು ಶರೀಫರ ವಿಷಯ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (೧೮೧೯-೧೮೮೯) ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಪದಗಳನ್ನು ನಗರದ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. ೧೯೯೦ರಲ್ಲಿ ತೆರೆಕಂಡ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತ ಅವರದೇ. ೨೦೦೯ರ ಡಿಸೆಂಬರಿನಲ್ಲಿ ತೀರಿಕೊಂಡ ಅಶ್ವಥ್ ಅವರ ಕಂಠದಲ್ಲಿ ಆ ಪದಗಳನ್ನು ಕೇಳಿದವರಿಗೆ ಬೇರೆ ಧಾಟಿ ರುಚಿಸುವುದು ಕಷ್ಟ. ಗಿಟಾರಿನ ಶರೀಫರನ್ನು ಮೊದಲು ಕೇಳಿದಾಗ ನಾನೂ ಹುಬ್ಬು ಗಂಟಿಕ್ಕಿದವನೇ.

ಗುಡುಗುಡಿಯ ಪದ ಮೇಲ್ನೋಟಕ್ಕೆ ಹೊಗೆಬತ್ತಿಯ ಹಾಡು. ಒಳಗಣ್ಣಿನಿಂದ ನೋಡಿದರೆ ಮನಸ್ಸೇ ಸಂಚಿ. ಮೋಹವೇ ಅದರೊಳಗಿನ ಭಂಗಿ. ಅದನ್ನು ಕೊಚ್ಚಿ, ಚಿಲುಮೆಗೆ ತುಂಬಿ, ಬೆಂಕಿಯಿಟ್ಟು ಉರಿಸಬೇಕು. ಒಡಲಿನ ರೋಗ ಹಾಗೆ ಕಳೆಯಬೇಕು. ಅಶ್ವಥ್ ಹಾಡಿದಾಗ ನಮಗೆ ಈ ವಿವೇಕದ ತೂಕ ಕೇಳಿಸುತ್ತದೆ. ರಘು ಹಾಡಿದಾಗ ಕೇಳಿಸುವುದು ಸುಟ್ಟುಹಾಕುವ ಹುರುಪು. ಉಸಿರೆಳೆದು ಬಿಡುವ ಲಯ. ಬಣ್ಣದ ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಅವರು ಕುಣಿದಾಗ ಹಳೆಯ ಭರತನಾಟ್ಯ ಎಲ್ಲಿಗೂ ಹೋಗಿಲ್ಲವೆಂದು ತಿಳಿಯುತ್ತದೆ. ಆದರೆ ಒಂದು ಮಾತನ್ನು ಹೇಳಲೇಬೇಕು. ತಾಳದ ಉತ್ಸಾಹ ಏರಿ ಸಭಿಕರೆಲ್ಲ ಕೈತಟ್ಟತೊಡಗಿದಾಗ, ಕಡೆಯ ನುಡಿಯ ಶಿಶುನಾಳಾಧೀಶನ ಅಂಕಿತ ಯಾರ ಕಿವಿಗೂ ಬೀಳದೆ ಹೋಗುತ್ತದೆ. ಪದ ಉಳಿಯಿತು, ಒಳಗಿನ ಅರ್ಥ ಉಳಿಯಿತೇ ಎಂಬ ನನ್ನ ಅಳುಕು ಇನ್ನೂ ಪೂರ್ತಿ ಹೋಗಿಲ್ಲ.

೨೦೧೦ರಲ್ಲಿ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡರ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಅವರು ಹಾಡಿದರು. ಆ ಬಳಿಕ ಅವರ ಧ್ವನಿಸಂಪುಟ ಬ್ರಿಟನ್ನಿನ ಐಟ್ಯೂನ್ಸ್ ಜಾಗತಿಕ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ೨೦೧೧ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. 'ಸಾಂಗ್‌ಲೈನ್ಸ್' ಪತ್ರಿಕೆಯ ಶ್ರೇಷ್ಠ ನವಾಗತ ಪ್ರಶಸ್ತಿಯೂ ದೊರೆಯಿತು. ಹತ್ತು ವರ್ಷಕ್ಕೂ ಮಿಗಿಲಾಗಿ ಹಾಡುತ್ತ ಬಂದವರು ಅಲ್ಲಿ ನವಾಗತರು!

೨೦೧೩ರಲ್ಲಿ ಎರಡನೆಯ ಸಂಪುಟ 'ಜಗ್ ಚಂಗಾ' ಬಂತು. ಅದರಲ್ಲಿಯೂ ಶರೀಫರಿದ್ದಾರೆ. ಆಮೇಲಿನ ಬದುಕು ಬೇರೆಯೇ ಲೇಖನದ ವಸ್ತು. ನಾನು ಹೇಳಹೊರಟದ್ದು ಬಾಗಿಲು ತಟ್ಟುತ್ತಿದ್ದ ದಿನಗಳನ್ನು.

ನೆರೆಮನೆಯ ತಾಯಿಗೆ ಇದನ್ನೆಲ್ಲ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, "ಅವರು ಚಿನ್ನದ ಪದಕ ತೆಗೆದುಕೊಂಡು ಆಮೇಲೆ ಹಾಡಿದರಲ್ಲವೇ ಮೇಷ್ಟ್ರೇ?" ಎಂದರು. ಶರೀಫರು ಸಹ ಮುಲ್ಕಿ ಪರೀಕ್ಷೆ ಪಾಸುಮಾಡಿ, ಕೆಲಕಾಲ ಶಾಲಾ ಶಿಕ್ಷಕರಾಗಿದ್ದು, ಆ ಬಳಿಕವೇ ಕೆಲಸ ಬಿಟ್ಟವರೆಂಬುದು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಯಾರ ಪಕ್ಷಕ್ಕೆ ಅದು ಬಲ ಕೊಡುವುದೋ ತಿಳಿಯದೆ ಸುಮ್ಮನಾದೆ.

ಕಡೆಗೆ ಅಂತಿಮ ಪರೀಕ್ಷೆ ಮುಗಿಯುವವರೆಗೆ ಇಬ್ಬರೂ ಈ ಮಾತೆತ್ತಬಾರದೆಂದು ಒಪ್ಪಂದವಾಯಿತು. ಕಳೆದ ಭಾನುವಾರ ಹುಡುಗ ಪುಸ್ತಕವೊಂದನ್ನು ಹಿಡಿದು ನಮ್ಮ ಜಗುಲಿಗೆ ಬಂದ. ಪರೀಕ್ಷೆಯ ಪುಸ್ತಕವೆಂದುಕೊಂಡೆ. ಅಲ್ಲ, ಶರೀಫರ ಪದಗಳ ಸಂಗ್ರಹ. "ಸಾರ್, ಚಿಲುಮೆ ಅಂದರೆ ಏನು?" ಎಂದು ಕೇಳಿದ. ಎರಡು ವರ್ಷದಿಂದ ಹಾಡುತ್ತಿದ್ದಾನೆ! ಹಾಳೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದೆ. ಅಂದು ಸಂಜೆ ಅವನು ಅದೇ ಪದವನ್ನು ಹಾಡಿದ; ಮೊದಲಿಗಿಂತ ತುಸು ನಿಧಾನವಾಗಿ.