ಮರಳಿನಡಿಯಿಂದ ಮೇಲೆದ್ದ ಡಾರ್ನಿಯರ್

1940ರ ಆಗಸ್ಟ್ 26. ಬ್ರಿಟನ್ನಿನ ವಾಯುನೆಲೆಗಳ ಮೇಲೆ ಬಾಂಬು ಹಾಕಲು ಹೊರಟಿದ್ದ ಜರ್ಮನಿಯ ಡಾರ್ನಿಯರ್ 17 ವಿಮಾನವೊಂದು ಗುಂಡೇಟು ತಿಂದು, ಕೆಂಟ್ ಕರಾವಳಿಯಾಚೆ ಗುಡ್‌ವಿನ್ ಮರಳದಿಬ್ಬಗಳ ಬಳಿ ಕಡಲಿಗೆ ಬಿತ್ತು. ಒಳಗಿದ್ದ ನಾಲ್ವರಲ್ಲಿ ಇಬ್ಬರು ಸತ್ತರು, ಇಬ್ಬರು ಸೆರೆಸಿಕ್ಕರು. ವಿಮಾನ ಮಗುಚಿಕೊಂಡು ತಳ ಸೇರಿತು.

ಆ ದಿಬ್ಬಗಳು ನಿಂತಲ್ಲಿ ನಿಲ್ಲುವಂಥವಲ್ಲ; ಕಡಲಿನ ಸೆಳೆತಕ್ಕೆ ಸರಿಯುತ್ತಲೇ ಇರುತ್ತವೆ. ಸರಿದು ಬಂದ ಮರಳು ವಿಮಾನವನ್ನು ಮುಚ್ಚಿ ಕಾಪಾಡಿತ್ತು. ಅದೇ ಮರಳು ಪಕ್ಕಕ್ಕೆ ಸರಿದ ಮೇಲೆ, 2008ರಲ್ಲಿ, ವಿಮಾನ ಮುಳುಗುಗಾರರ ಕಣ್ಣಿಗೆ ಬಿತ್ತು. ಸೋನಾರ್ ಚಿತ್ರಗಳಲ್ಲಿ ಒಡಲು, ರೆಕ್ಕೆ ಎರಡೂ ಸ್ಪಷ್ಟವಾಗಿ ಮೂಡಿದವು. ಸಪೂರ ಮೈಕಟ್ಟಿನಿಂದ ‘ಹಾರುವ ಪೆನ್ಸಿಲ್’ ಎನಿಸಿಕೊಂಡಿದ್ದ ಈ ಮಾದರಿ ಬೇರೆಲ್ಲೂ ಇಡಿಯಾಗಿ ಉಳಿದಿರಲಿಲ್ಲ. ಆದರೆ ಮರಳಿನ ಹೊದಿಕೆ ಹೋದ ಮೇಲೆ ಮೀನುಬಲೆ, ಲಂಗರು, ಉಪ್ಪುನೀರು ಅದನ್ನು ಬಹುಕಾಲ ಉಳಿಸುವಂತಿರಲಿಲ್ಲ.

ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಅದನ್ನು ಎತ್ತುವ ಹೊಣೆ ಹೊತ್ತಿತು. ವಿಮಾನದ ಸುತ್ತ ಚೌಕಟ್ಟು ಕಟ್ಟಿ ಎತ್ತುವುದು ಮೊದಲ ಯೋಜನೆ. ಗಾಳಿ, ಅಲೆಗಳ ಕಾಟದಿಂದ ದಿನಗಳು ಕೈಜಾರಿದವು. ಕೊನೆಗೆ ಚೌಕಟ್ಟು ಬಿಟ್ಟು, ಒಡಲಿನ ಗಟ್ಟಿ ಭಾಗಗಳಿಗೇ ಹಗ್ಗ ಬಿಗಿದರು. 2013ರ ಜೂನ್ 10ರಂದು ಡಾರ್ನಿಯರ್ ನೀರಿನಿಂದ ಮೇಲೆದ್ದಿತು. ಮೈತುಂಬ ಕಡಲಜೀವಿಗಳ ಚಿಪ್ಪು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಪ್ರೊಪೆಲ್ಲರ್ ಅಲಗುಗಳು ಬಿದ್ದ ಹೊಡೆತಕ್ಕೆ ಬಾಗಿದ್ದವು.

ನಿಜವಾದ ಅಪಾಯ ಶುರುವಾಗುವುದೇ ಇಲ್ಲಿಂದ. ಏಳು ದಶಕ ಉಪ್ಪು ಕುಡಿದ ಅಲ್ಯೂಮಿನಿಯಂ ಗಾಳಿಗೆ ಒಣಗಿದರೆ, ಒಳಗಿನ ಕ್ಲೋರೈಡ್ ಲೋಹವನ್ನು ಬೇಗಬೇಗ ತಿಂದುಹಾಕುತ್ತದೆ. ಹಾಗಾಗಿ ಮೈ ಒದ್ದೆಯಾಗಿಟ್ಟೇ ವಿಮಾನವನ್ನು ಮ್ಯೂಸಿಯಂನ ಕಾಸ್‌ಫರ್ಡ್ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಪ್ಲಾಸ್ಟಿಕ್ ಹೊದಿಕೆಯ ಗೂಡುಗಳು ಕಾದಿದ್ದವು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಪರೀಕ್ಷಿಸಿ ಕೊಟ್ಟ ದ್ರಾವಣವನ್ನು ವಿಮಾನದ ಮೇಲೆ ಸಿಂಪಡಿಸುತ್ತ ಹೋದರು. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಚಿಪ್ಪನ್ನು ಸಡಿಲಿಸುತ್ತದೆ. ಅದರ ಕಟು ಲೋಹಕ್ಕೆ ತಾಕದಂತೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಹದಮಾಡಿದ್ದರು. ಈ ಸ್ನಾನ ವರ್ಷಗಟ್ಟಲೆ ನಡೆಯಿತು.

ಮುಳುಗಿದ ವಿಮಾನ ಎತ್ತುವಾಗ ಕ್ಯಾಮೆರಾಗಳು ಸೇರುತ್ತವೆ, ತೊಳೆಯುವಾಗ ಯಾರೂ ಇರುವುದಿಲ್ಲ. ಆದರೆ ಇತಿಹಾಸ ಉಳಿಯುವುದು ಆ ತೊಳೆಯುವ ಕೈಗಳಿಂದ. ಕಾಪಾಡುವ ಹಣ, ಜಾಗ, ತಾಳ್ಮೆ ಸಿದ್ಧವಿಲ್ಲದವರು ಕಡಲಿನೊಳಗಿನ ವಿಮಾನವನ್ನು ಮುಟ್ಟಬಾರದು.